ಎಡಗಿವಿಯ ಕೊಂಡಿ

ವಿಜಯಮಹಾಂತೇಶ ತನ್ನ ಕೈಯಾರೆ ಕಟ್ಟಿದ ಹೆಡ್‌ಫೋನ್ ಆಂಪ್ಲಿಫೈಯರನ್ನು ಹಚ್ಚಿ ಹೆಡ್‌ಫೋನು ಕಿವಿಗಿಟ್ಟುಕೊಂಡರೆ, ಇಳಕಲ್ಲಿನ ಮನೆಯಲ್ಲಿ ಕೂತೇ ಬಾದಾಮಿಯ ಅಗಸ್ತ್ಯತೀರ್ಥದ ಮೀನುಗಳು ಆಕಳಿಸುವುದು ಕೇಳುತ್ತಿತ್ತು. ಅದರಲ್ಲಿ ಒಂದು ಮೀನಿಗೆ ನೆಗಡಿಯಾಗಿತ್ತು. ಯಾವ ಮೀನಿಗೆ ಎಂಬುದನ್ನೂ ಅವನು ಹೇಳಬಲ್ಲವನಾಗಿದ್ದ. ಬಾಗಲಕೋಟೆಯ ನವನಗರದಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಕಿವಿ ಬಳಗದ ಆರೂ ಮಂದಿಯ ಎದುರು ಕಣ್ಣು ಮಿಟುಕಿಸದೆ ಇದನ್ನು ಹೇಳಿ, ಆರೂ ಮಂದಿ ನಕ್ಕದ್ದನ್ನು ಹೊಟ್ಟೆಕಿಚ್ಚು ಎಂದು ತಿಳಿದುಕೊಂಡಿದ್ದ.

ಕಿವಿ ಬಳಗವೆಂದರೆ ಹೆಡ್‌ಫೋನ್ ಹುಚ್ಚಿನವರ ಗುಂಪು. ಹಳೆಯ ಹೆಡ್‌ಫೋನುಗಳನ್ನು ಬಿಚ್ಚುವುದು, ಉದುರಿದ ಗಾದಿಗಳನ್ನು ಬದಲಿಸುವುದು, ಮುಚ್ಚಿಹೋದ ರೇಡಿಯೋ ಅಂಗಡಿಗಳ ಡಬ್ಬಿಗಳಿಂದ ಟ್ರಾನ್ಸಿಸ್ಟರ್ ಹೆಕ್ಕಿ ತಂದು ಆಂಪ್ಲಿಫೈಯರ್ ಕಟ್ಟುವುದು, ಆಮೇಲೆ ಒಬ್ಬರದನ್ನು ಇನ್ನೊಬ್ಬರು ಕಿವಿಗಿಟ್ಟುಕೊಂಡು ಮೂಗು ಮುರಿಯುವುದು, ಇಷ್ಟೇ ಅವರ ಉದ್ಯೋಗ. ಪಾಲಿಟೆಕ್ನಿಕ್‌ನಲ್ಲಿ ಕಲಿಸುವ ಅನಿಲಕುಮಾರನ ಮನೆಯ ಪಡಸಾಲೆಯೇ ಅವರ ಸಭಾಂಗಣ.

ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವಿಜಯಮಹಾಂತೇಶನಿಗೆ ಆ ಭಾನುವಾರದ ಮೂರು ತಾಸು ಬಿಟ್ಟರೆ ತಿಂಗಳಲ್ಲಿ ಮತ್ತೇನೂ ಇರಲಿಲ್ಲ. ಇಳಕಲ್ಲಿನಲ್ಲಿ ಮಾತಾಡಿದರೆ ಜನ ನೂಲಿನ ಮಾತು ಆಡುತ್ತಿದ್ದರು, ಇಲ್ಲವೇ ಕಲ್ಲಿನ ಮಾತು. ವಿದ್ಯುತ್ತಿನ ಅಳತೆಯ ಓಮ್ ಎಂದರೆ ಕೈ ಮುಗಿಯುತ್ತಿದ್ದರು. ಹೆಂಡತಿ ನಾಗರತ್ನಾ ಅಂತೂ, "ಕಿವಿ ಮುಚ್ಕೊಂಡ್ರ ನನ್ನ ಮಾತ ಕೇಳಂಗಿಲ್ಲಂತ ಈ ಹವ್ಯಾಸ ಹಿಡದೀರಿ ನೀವು" ಎಂದು ತೀರ್ಪು ಕೊಟ್ಟುಬಿಟ್ಟಿದ್ದಳು.

ಆದರೆ ಬಳಗದಲ್ಲಿ ಅವನ ಹೆಸರು ನೆಟ್ಟಗಿರಲಿಲ್ಲ. ಹಿಂದಿನ ವರ್ಷ ಇಳಕಲ್ಲಿನ ಕೆಂಪು ಗ್ರಾನೈಟ್ ಕೊರೆಸಿ ಅದರೊಳಗೆ ಆಂಪ್ಲಿಫೈಯರ್ ಕೂರಿಸಿ ತಂದಿದ್ದ. ಅದನ್ನು ಬಸ್ಸಿನಿಂದ ಇಳಿಸಲು ಹನ್ನೆರಡು ಜನ ಬೇಕಾಯಿತು, ಬಸ್ಸು ಅವತ್ತಿನಿಂದ ಎಡಕ್ಕೆ ವಾಲಿಕೊಂಡೇ ಓಡುತ್ತಿದೆ ಎಂದು ಅವನೇ ಹೇಳಿಕೊಂಡ. ಹಚ್ಚಿದರೆ 'ಗುಂಯ್' ಎಂಬ ಶಬ್ದವೊಂದು ಬಿಟ್ಟು ಬೇರೇನೂ ಕೇಳಲಿಲ್ಲ. "ಅದು ಕಲ್ಲಿನ ದನಿ. ಕೇಳಾಕ ಪುಣ್ಯಾ ಬೇಕು" ಎಂದ. ಅನಿಲಕುಮಾರ ಪ್ಲಗ್ ಕಿತ್ತ.

ಈ ವರ್ಷ ಏಪ್ರಿಲ್ ಕೊನೆಯ ಭಾನುವಾರ, ಬಾದಾಮಿಯಿಂದ ಬರುವ ನಿವೃತ್ತ ಇತಿಹಾಸ ಮಾಸ್ತರ ಶ್ರೀನಿವಾಸ ತಮ್ಮ ನಲವತ್ತು ವರ್ಷದ ಹಳೆಯ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. ಎಡಗಿವಿ ಸತ್ತುಹೋಗಿತ್ತು.

"ಹೊಸಾವು ನಾಕು ತರಿಸಿ ನೋಡೀನ್ರಿ," ಎಂದರು ಶ್ರೀನಿವಾಸ. "ಒಂದೂ ಕಿವಿಗೆ ಹತ್ತವಲ್ದು. ಇದು ಹೋತಂದ್ರ ನಂದು ಕೇಳೂದ ಮುಗೀತು. ಏನರ ಮಾಡಲಿಕ್ಕೆ ಬರ್ತದೇನು ನೋಡ್ರಿ."

ಒಬ್ಬೊಬ್ಬರಾಗಿ ನೋಡಿ ಕೆಳಗಿಟ್ಟರು. ದನಿ ಹುಟ್ಟಿಸುವ ಪರದೆಗೆ ಸುತ್ತಿದ ತಾಮ್ರದ ತಂತಿ ಅಂಚಿನಲ್ಲಿ ಹರಿದಿತ್ತು. ಆ ತಂತಿ ಕೂದಲಿಗಿಂತ ಸಪುರ. ಕೂದಲನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಮೂರನ್ನು ಎಸೆದರೆ ಉಳಿಯುವಷ್ಟು. ಬದಲಿ ಭಾಗ ಜಗತ್ತಿನಲ್ಲೆಲ್ಲೂ ಸಿಗುತ್ತಿರಲಿಲ್ಲ.

"ತರ್ರಿ ಇಲ್ಲೆ," ಎಂದ ವಿಜಯಮಹಾಂತೇಶ. "ಇಂಥಾವು ನಾ ಕಣ್ಣ ಮುಚ್ಚಿ ಮಾಡ್ತೇನಿ."

"ಲೇ ಮಾಂತೇಶ," ಅನಿಲಕುಮಾರ ಅವನ ಮುಂಗೈ ಹಿಡಿದ. "ಮೀನಿಂದು ಹೇಳು, ಕಲ್ಲಿಂದು ಹೇಳು, ನಗ್ತೇವಿ. ಇದು ಮಾಸ್ತರ ಜೀವಾ ಐತಿ. ಇದನ್ನೂ ಕತಿ ಮಾಡ್ಕೊಂಡು ಬಂದ್ಯೋ, ಮುಂದಿನ ತಿಂಗಳದಿಂದ ಈ ಪಡಸಾಲಿ ನಿನಗಿಲ್ಲ."

ಉಳಿದ ನಾಲ್ವರು ತಲೆಯಾಡಿಸಿದ ರೀತಿ ನೋಡಿದರೆ ಈ ಮಾತು ಅವರೊಳಗೆ ಮೊದಲೇ ಆಗಿತ್ತು. ವಿಜಯಮಹಾಂತೇಶ ಹೆಡ್‌ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದ.

ಮೇ ತಿಂಗಳು. ಶಾಲೆಗೆ ರಜೆ, ಇಳಕಲ್ಲಿಗೆ ಬೆಂಕಿ. ಫ್ಯಾನು ತಿರುಗಿದರೆ ತಂತಿ ಹಾರುತ್ತದೆಂದು ಫ್ಯಾನಿಗೂ ರಜೆ. ಅವನ ಹಣೆಯಿಂದ ಇಳಿದ ಬೆವರಿಗೆ ಒಂದು ಕಾಲುವೆ ತೋಡಿದ್ದರೆ ಗುಡೂರಿನವರೆಗೆ ಮೆಣಸಿನಗಿಡಗಳಿಗೆ ನೀರಾಗುತ್ತಿತ್ತು. ಸೋಲ್ಡರಿಂಗ್ ಕಡ್ಡಿ ಕಾಯಿಸಿ, ಉಸಿರು ಹಿಡಿದು, ಚಿಮಟದಲ್ಲಿ ತುದಿ ಹಿಡಿದು ಬೆಸುಗೆ ಮುಟ್ಟಿಸುತ್ತಿದ್ದ. ಬೆಸುಗೆಯ ಹನಿ ತಂತಿಯ ಮೇಲೆ ಕೆಸುವಿನೆಲೆಯ ಮೇಲಿನ ನೀರಿನಂತೆ ಕೂತು, ಇವನ ಮುಖ ನೋಡಿ, ಉರುಳಿ ಬೀಳುತ್ತಿತ್ತು. ಅಪ್ಪಿತಪ್ಪಿ ನಿಂತರೆ ಕರೆಂಟು ದಾಟಿತೇ ಎಂದು ತೋರಿಸುವ ಮೀಟರಿನ ಮುಳ್ಳು ಏಳುತ್ತಿರಲಿಲ್ಲ. ಅಂದರೆ ಅಂಟಿದಂತೆ ಕಾಣುತ್ತದೆ, ಅಂಟಿಲ್ಲ.

ಪ್ರತಿ ಸೋಲಿಗೂ ತುದಿ ಸುಟ್ಟು ತಂತಿ ಗಿಡ್ಡವಾಗುತ್ತಿತ್ತು. ಸುರುಳಿಯಿಂದ ಅರ್ಧ ಸುತ್ತು ಬಿಚ್ಚಿ ಮತ್ತೆ ಎಳೆದುಕೊಳ್ಳಬೇಕು. ಹೀಗೆ ಮೂರು ಸಾವಿರ ಸಲ ಆಯಿತು. ನಾಗರತ್ನಾಳ ಪ್ರಕಾರ ಹನ್ನೊಂದು ಸಲ, ಯಾಕೆಂದರೆ ಪ್ರತಿ ಸಲವೂ ಅವನು ಚಿಮಟ ಎಸೆದಿದ್ದ, ಮೊದಲ ಹತ್ತು ಸಲ ಅವಳೇ ಕಪಾಟಿನ ಅಡಿಯಿಂದ ತೆಗೆದುಕೊಟ್ಟಿದ್ದಳು.

ಅವನು ಕಡ್ಡಿಯನ್ನು ಬೈದ. ಬೆಸುಗೆಯಲ್ಲಿ ಸೀಸ ಕಡಿಮೆ ಎಂದು ಹುಬ್ಬಳ್ಳಿಯಿಂದ ಬೇರೆ ತರಿಸಿ, ಅದನ್ನೂ ಬೈದ. ಕರೆಂಟನ್ನು ಬೈದ. ಗ್ರಾನೈಟ್ ಧೂಳು ಗಾಳಿಯಲ್ಲಿ ಸೇರಿ ತಾಮ್ರವನ್ನೇ ಕಲ್ಲು ಮಾಡಿದೆ ಎಂದು ಹೊಸ ಸಿದ್ಧಾಂತ ಕಟ್ಟಿದ. ಊಟಕ್ಕೆ ಕೂತರೆ ರೊಟ್ಟಿಯ ಅಂಚಿನಲ್ಲೂ ಹರಿದ ಎಳೆ ಕಾಣುತ್ತಿತ್ತು.

ಹನ್ನೊಂದನೇ ಸಲ ಚಿಮಟ ಹೋಗಿ ಬಿದ್ದದ್ದು ಅಂಗಳದಲ್ಲಿ. ಅದನ್ನು ಎತ್ತಿಕೊಂಡು ಒಳಗೆ ಬಂದವಳು ಬಾಜೂ ಮನೆಯ ಸಂಗವ್ವ. ಸೀರೆಯ ಮೈಗೆ ಬೇರೆ ನೂಲಿನ ಸೆರಗು ಕೂಡಿಸುವವಳು ಅವಳು. ಮೈಯ ಹಾಸಿನ, ಎಂದರೆ ಉದ್ದನೂಲಿನ, ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯೊಳಗೆ ಸಿಕ್ಕಿಸಿ ಕೊಂಡಿ ಹಾಕುತ್ತ ಐವತ್ತು ವರ್ಷ ಕಳೆದಿದ್ದಳು.

"ಏನ್ ಸರ, ಎಳಿ ಹರದೈತೇನು? ಕೊಡ್ರಿ, ನಾ ನೋಡ್ತೇನಿ."

"ಇದು ನೂಲಲ್ಲ ಬೇ. ವಿಜ್ಞಾನ. ಇದಕ್ಕ ಡಿಗ್ರಿ ಬೇಕು."

"ಡಿಗ್ರಿ ಮನ್ಯಾಗ ಐತಲ್ಲ ಸರ. ಮತ್ಯಾಕ ಚಿಮಟಾ ಹೊರಗ ಬಂತು?" ಎಂದು ಸಂಗವ್ವ ಅದನ್ನು ಮೇಜಿನ ಮೇಲಿಟ್ಟು ಹೋದಳು. ಒಳಗೆ ನಾಗರತ್ನಾ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

ಸುರುಳಿಯಿಂದ ಇನ್ನು ಬಿಚ್ಚಿದರೆ ದನಿಯೇ ಹೋಗುತ್ತದೆ ಎನ್ನುವಲ್ಲಿಗೆ ಬಂದು ನಿಂತಿತ್ತು. ಉಳಿದದ್ದು ಒಂದೇ ತುದಿ, ಒಂದೇ ಸಲ. ಬಳಗ ಸೇರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎಡಗಿವಿ ಮಾತಾಡಿತು! ಹೇಗೆ ಎಂಬುದನ್ನು ಬಾಗಲಕೋಟೆಯಲ್ಲಿ ಅವನ ಬಾಯಿಂದಲೇ ಕೇಳುವುದು ಚೆಂದ, ಯಾಕೆಂದರೆ ಮರುದಿನ ಬಸ್ಸು ಹುನಗುಂದ ದಾಟುವಷ್ಟರಲ್ಲಿ ಕತೆಗೆ ಮೀಸೆ ಬಂದಿತ್ತು, ಅಮೀನಗಡ ದಾಟುವಷ್ಟರಲ್ಲಿ ಗಡ್ಡವೂ ಬಂದಿತ್ತು.

ಶ್ರೀನಿವಾಸ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ಅವರ ಬೆರಳು ಮೊಣಕಾಲ ಮೇಲೆ ತಾಳ ಹಾಕತೊಡಗಿದಾಗ ಅನಿಲಕುಮಾರ ಕುರ್ಚಿಯಿಂದ ಎದ್ದೇಬಿಟ್ಟ.

"ಎರಡೂ ಕಡೆ ಅದ," ಎಂದರು ಶ್ರೀನಿವಾಸ. "ಎರಡೂ ಕಡೆ ಅದರೀ."

"ಹೆಂಗ ಮಾಡಿದ್ಯೋ?" ಅನಿಲಕುಮಾರನ ದನಿಯಲ್ಲಿ ಮೊದಲ ಸಲ ಮರ್ಯಾದೆ ಇತ್ತು.

ವಿಜಯಮಹಾಂತೇಶ ಕಾಲ ಮೇಲೆ ಕಾಲು ಹಾಕಿದ. "ನೋಡಪಾ, ಮೊದಲ ಏಳು ನಿಮಿಷ ಉಸರ ಹಿಡೀಬೇಕು. ಎದಿ ಬಡಕೊಂಡ್ರೂ ಕೈ ಅಳಗಾಡ್ತದ. ಅದಕ್ಕ ನಾ ಎರಡ ಎದಿಬಡತದ ನಡುವ ಬೆಸಗಿ ಇಟ್ಟೆ. ಬೆಸಗಿ ಅಂದ್ರ ನೀವು ತಿಳಕೊಂಡಂಥಾ ಬೆಸಗಿ ಅಲ್ಲ. ಜಪಾನದ ಬೆಳ್ಳಿ. ಅಲ್ಲಿ ಒಬ್ಬ ಮುದುಕ ವರ್ಷಕ್ಕ ಅರ್ಧ ತೊಲಿ ಮಾಡ್ತಾನ. ನನ್ನ ಹೆಸರ ಕೇಳಿ ಕಳಿಸ್ಯಾನ."

ಯಾರೂ ನಗಲಿಲ್ಲ. ಹೆಡ್‌ಫೋನು ಎದುರಿಗೇ ಹಾಡುತ್ತಿತ್ತಲ್ಲ. ಅದೇ ಅವನಿಗೆ ಮುಳುವಾಯಿತು. ನಂಬಿದ ಅನಿಲಕುಮಾರ, ಆ ಬೆಸುಗೆಯ ಫೋಟೋ ತೆಗೆದು ತನ್ನ ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಎಡಗಿವಿಯ ಮುಚ್ಚಳ ಬಿಚ್ಚಿ, ಫೋನಿಗೆ ಲೆನ್ಸು ಸಿಕ್ಕಿಸಿ, ಚಿತ್ರವನ್ನು ಟೀವಿಯ ಮೇಲೆ ಹಾಕಿದ. "ಬ್ಯಾಡಲೇ, ಬೆಳಕ ಬಿದ್ರ ಬೆಳ್ಳಿ ಕರಗತೈತಿ" ಎಂದು ವಿಜಯಮಹಾಂತೇಶ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ.

ಟೀವಿಯಲ್ಲಿ ಹಗ್ಗದಷ್ಟು ದಪ್ಪವಾಗಿ ತಂತಿ ಕಂಡಿತು. ಬೆಳ್ಳಿಯಿಲ್ಲ. ಬೆಸುಗೆಯೇ ಇಲ್ಲ. ಒಂದರೊಳಗೊಂದು ಸಿಕ್ಕಿಕೊಂಡ ಎರಡು ಪುಟ್ಟ ಕುಣಿಕೆಗಳು, ಬುಡದಲ್ಲಿ ಬಿಗಿಯಾದ ಹುರಿ, ಅಷ್ಟೇ.

ಮಂಡಕ್ಕಿ ಸೂಸಲದ ತಾಟು ಹಿಡಿದು ಬಂದ ಅನಿಲಕುಮಾರನ ತಾಯಿ ಗುರುಲಿಂಗವ್ವ ಬಾಗಿಲಲ್ಲೇ ನಿಂತರು. ಅವರ ತವರು ಇಳಕಲ್ಲು.

"ಅಯ್ಯ, ಇದೇನೋ ಅನೀಲಾ, ಟೀವ್ಯಾಗ ಕೊಂಡಿ ತೋರಸಾಕ ಹತ್ಯಾರ?"

"ಯಾವ ಕೊಂಡಿ ಬೇ?"

ಅವರು ತಾಟು ಕೆಳಗಿಟ್ಟು, ಉಟ್ಟ ಸೀರೆಯ ಸೆರಗು ಮೈಗೆ ಕೂಡುವ ಜಾಗವನ್ನು ತಿರುವಿ ಹಿಡಿದರು. "ಇದ ನೋಡು. ಲೆನ್ಸು ಇಲ್ಲಿ ಹಿಡಿ." ಟೀವಿಯಲ್ಲಿ ಈಗ ಕೆಂಪು ಸೆರಗಿನ ಎಳೆಗಳು ಬಂದವು. ಅದೇ ಕುಣಿಕೆ, ಅದೇ ಹುರಿ, ನೂರಾರು ಸಾಲಾಗಿ. "ಹಾಕಿದಾಕಿ ಕೈ ಭಾಳ ಪಳಗಿದ್ದೈತಿ. ಯಾರ ಹಾಕ್ಯಾರ ಸರ ಇದನ್ನ?"

"ಜಪಾನದಾಗೂ ಹಿಂಗ..." ಎಂದು ವಿಜಯಮಹಾಂತೇಶ ಶುರು ಮಾಡಿದ. ಗುರುಲಿಂಗವ್ವ ಅವನ ಸುಟ್ಟ ಬೆರಳುಗಳನ್ನು ನೋಡಿದರು. ಜಪಾನು ಅಲ್ಲೇ ಮುಳುಗಿತು.

"ಸಂಗವ್ವ ಅಂತ," ಎಂದ. "ನಮ್ಮ ಬಾಜೂ ಮನಿಯಾಕಿ."

"ಬೆಸಗಿ ಇಲ್ದ ಹೆಂಗ ಹತ್ತೀತು?" ಅನಿಲಕುಮಾರ ಕೇಳಿದ.

"ತಂತಿ ಮ್ಯಾಲ ಸಣ್ಣ ಅರಗಿನ ಲೇಪ ಇರ್ತೈತಲ್ಲ, ಕರೆಂಟ್ ದಾಟಬಾರದಂತ. ಅದನ್ನ ಮೊದಲ ಕೆರೀಬೇಕು. ನಾ ಕೆರದಿದ್ದಿಲ್ಲ. ಹನ್ನೊಂದ ಸಲ ಲೇಪದ ಮ್ಯಾಲನ ಬೆಸಗಿ ಇಟ್ಟೇನಿ. ಕಡೀಕ ಸಂಗವ್ವನ್ನ ಕರದೆ. ಆಕಿ ಎಳಿ ಜಾರಬಾರದಂತ ಬೆರಳಿಗೆ ಬೂದಿ ಹಚ್ಕೊಂಡು, ದಿನಾ ತಿಕ್ಕಿದಂಗ ತಿಕ್ಕಿದ್ಲು. ಲೇಪ ಹೋತು. ಕೊಂಡಿ ಹಾಕಿದ್ಲು. ಅಷ್ಟ."

"ವಿಜ್ಞಾನದ ಮಾಸ್ತರ!" ಎಂದು ಯಾರೋ ಒಬ್ಬ ಸೋಫಾದ ಮೇಲೆ ಉರುಳಿದ. ಪಡಸಾಲೆಯೇ ನಕ್ಕಿತು. ಅನಿಲಕುಮಾರ ಕಣ್ಣೊರೆಸಿಕೊಂಡು ಅವನ ಬೆನ್ನಿಗೊಂದು ಗುದ್ದು ಕೊಟ್ಟ. ಗುದ್ದು ಮೆತ್ತಗಿತ್ತು. ಇಲ್ಲಿಗೆ ಬಿಟ್ಟರೆ ಮುಂದಿನ ತಿಂಗಳೂ ಪಡಸಾಲೆ ಸಿಗುತ್ತದೆ ಎಂದು ವಿಜಯಮಹಾಂತೇಶನಿಗೆ ಅನಿಸಿತು.

ಶ್ರೀನಿವಾಸ ಮಾತ್ರ ನಗಲಿಲ್ಲ. ಎದ್ದು ಬಂದು ಅವನ ಎದುರು ನಿಂತರು. "ಆ ತಾಯಿಗೆ ಫೋನ್ ಹಚ್ರಿ. ನಾನ ಮಾತಾಡ್ತೀನಿ. ಹಾಡು ಕೇಳ್ಲಿಕ್ಕೆ ಹತ್ತೀನಿ ಅಂತ ನನ್ನ ಬಾಯಿಲೇ ಹೇಳಬೇಕು."

"ಬ್ಯಾಡ್ರಿ."

"ಯಾಕ? ಫೋನ್ ಇಲ್ಲೇನು ಆಕಿ ಕಡೆ?"

"ಐತ್ರಿ." ವಿಜಯಮಹಾಂತೇಶ ನೆಲ ನೋಡಿದ. ಗುಡೂರು, ಅಗಸ್ತ್ಯತೀರ್ಥ, ಜಪಾನು, ಎಲ್ಲಿಂದಲೂ ಒಂದು ಮಾತು ಸಹಾಯಕ್ಕೆ ಬರಲಿಲ್ಲ. "ಮೀಟರ್ ಮುಳ್ಳು ಎದ್ದಾಗ ನಾ ಅದನ್ನ ಆಕಿಗೆ ಕಾಣದಂಗ ತಿರುವಿ ಹಿಡದೇನ್ರಿ. ಹತ್ತಿಲ್ಲ ಬೇ ಸಂಗವ್ವ, ಬಿಡು, ನಾನ ಮತ್ತ ನೋಡ್ತೇನಿ ಅಂದೆ. ಓಣಿ ತುಂಬ ಹೇಳ್ಕೊಂಡು ಅಡ್ಡಾಡ್ತಾಳಂತ. ಆಕಿ ಬಾಗಲದಾಗ ನಿಂತು, ಬೆರಳಿನ ಬೂದಿ ಒರಸ್ಕೋತ, 'ವಯಸ್ಸಾತು ಸರ, ಕೈ ಕೆಟ್ಟಾವು ನೋಡ್ರಿ' ಅಂದು ಹೋದ್ಲು."