ಸೀಟಿ ಯಜಮಾನರ ಕೂಲಂಟ್ ಡಬ್ಬಿ

ಸೀಟಿ ಯಜಮಾನರು ನಡೆಯುವಾಗ ಅವರ ಹಿಮ್ಮಡಿ ನೆಲಕ್ಕೆ ತಾಗಿದ್ದನ್ನು ಕಂಡವರಿಲ್ಲ. ಯಾರೋ ಬೆನ್ನಿಗೆ ಕೈಯಿಟ್ಟು ನೂಕುತ್ತಿದ್ದಾರೇನೋ ಎಂಬಂತೆ ಎದೆ ಮುಂದಾಗಿ, ಮುಂಗಾಲಿನ ಮೇಲೆಯೇ ಅವರು ಸದಾ ಹೊರಟಿರುತ್ತಿದ್ದರು. ಅಡುಗೆಮನೆಯಿಂದ ಪಡಸಾಲೆಗೆ ಬರುವುದೂ ಅವರ ಪಾಲಿಗೆ ತಡಮಾಡಿದರೆ ತಪ್ಪಿಹೋಗುವ ಪ್ರಯಾಣವೇ. ಕಾಲಿಗೆ ಚಕ್ರ ಕಟ್ಟಿಕೊಂಡವರು ಎನ್ನುತ್ತೇವಲ್ಲ, ಆ ಮಾತು ಇವರನ್ನು ನೋಡಿಯೇ ಹುಟ್ಟಿರಬೇಕು. ಬಸ್ ನಿಲ್ದಾಣದ ಕಂಟ್ರೋಲರಾಗಿ ಆಯುಷ್ಯದ ಬಹುಭಾಗವನ್ನು ಸೀಟಿ ಊದಿ ಪರರನ್ನು ಹೊರಡಿಸುವುದರಲ್ಲೇ ಸವೆಸಿದವರು. ನಿವೃತ್ತಿಯ ದಿನ ಸೀಟಿಯನ್ನು ಕಚೇರಿಗೆ ಒಪ್ಪಿಸಿ ಬಂದರೇ ಹೊರತು, ಊದುವ ಸ್ವಭಾವವನ್ನು ಒಪ್ಪಿಸಲಿಲ್ಲ. ಹೆಸರು ಹಾಗೇ ಉಳಿಯಿತು.

ಸೀಟಿಯ ಜಾಗದಲ್ಲಿ ಒಂದು ಮಾತು ಬಂದು ಕೂತಿತ್ತು: "ಆಯ್ತಾ?" ಸ್ನಾನಕ್ಕೂ ಆಯ್ತಾ, ಊಟಕ್ಕೂ ಆಯ್ತಾ, ಅಳುವವರನ್ನು ಕಂಡರೂ ಆಯ್ತಾ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೆ ಮಂಚದ ಹತ್ತಿರ ಕುರ್ಚಿ ಎಳೆದು, ಅದರಲ್ಲಿ ಕೂರದೆ, ಹುಷಾರಾಯ್ತಾ ಎಂದು ಕೇಳಿ, ಆತ ಬಾಯಿ ತೆರೆಯುವುದರೊಳಗೆ ಮೆಟ್ಟಿಲಿಳಿದಿರುತ್ತಿದ್ದರು. ಮಗಳ ಮದುವೆಯ ಫೋಟೋದಲ್ಲಿ ನೆಂಟರಿಷ್ಟರೆಲ್ಲ ಕಣ್ಣು ಮೂಗು ಸಮೇತ ಸ್ಪಷ್ಟವಾಗಿದ್ದಾರೆ. ವಧುವಿನ ತಂದೆ ಮಾತ್ರ ಒಂದು ಖಾಕಿ ಮಸುಕು. ಹೌದು, ಖಾಕಿಯೇ. ನಿಲ್ದಾಣದಲ್ಲಿ ತೊಡುತ್ತಿದ್ದ ಕೋಟನ್ನು ಅವರು ಮದುವೆಗೂ ಬಿಚ್ಚಲಿಲ್ಲ.

ಕೋಟಿನ ಬಲತೋಳನ್ನು ಮಣಿಕಟ್ಟಿನವರೆಗೆ ಗುಂಡಿ ಹಾಕಿ ಮುಚ್ಚಿರುತ್ತಿದ್ದುದಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುದಿದು ನಿಂತ ಬಸ್ಸೊಂದರ ರೇಡಿಯೇಟರ್ ಮುಚ್ಚಳವನ್ನು, ಆರಲಿ ತಡೆಯಪ್ಪ ಎಂದು ಚಾಲಕ ಬೇಡಿಕೊಂಡರೂ ಕೇಳದೆ, ಇವರೇ ತಿರುವಿದರು. ಒಳಗಿದ್ದ ಕುದಿನೀರು ಚಿಮ್ಮಿ ಮುಂಗೈಯಿಂದ ಮೊಣಕೈತನಕ ತೊಗಲು ಸುಲಿದುಹೋಯಿತು. ಅಂದಿನಿಂದ ಈ ಮನುಷ್ಯ ಪ್ರಪಂಚದಲ್ಲಿ ಒಂದೇ ಒಂದು ವಸ್ತುವಿಗಾಗಿ ಕಾಯುವುದನ್ನು ಕಲಿತರು: ಎಂಜಿನ್ ಆರುವುದಕ್ಕೆ. ಹೆಂಡತಿ ಸೀರೆ ಉಡುವುದಕ್ಕೆ ಕಾಯರು, ಹಾಲು ಉಕ್ಕುವುದಕ್ಕೆ ಕಾಯರು, ಎದುರಿನವರ ಮಾತು ಮುಗಿಯುವುದಕ್ಕಂತೂ ಕಾಯಲಾರರು. ಬಿಸಿ ಎಂಜಿನ್ನಿನ ಮುಂದೆ ಮಾತ್ರ ಗುರುವಿನೆದುರು ನಿಂತ ಶಿಷ್ಯ. ಬಿಸಿಹಾಲು ಕುಡಿದ ಬೆಕ್ಕು ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದಳು.

ನಿವೃತ್ತಿಯ ನಂತರ ಕೊಂಡ ಹಳೆಯ ಕಾರಿನ ಮುಂದೆ ಪ್ರತಿದಿನ ಬೆಳಗ್ಗೆ ಒಂದು ವಿಧಿ ನಡೆಯುತ್ತಿತ್ತು. ಬಾನೆಟ್ ಎತ್ತುವರು, ಕೋಟಿನ ಜೇಬಿನಿಂದ ಟಾರ್ಚ್ ತೆಗೆದು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಗೆ ಬೆಳಕು ಹಾಯಿಸುವರು. ಎಂಜಿನ್ನನ್ನು ತಂಪಾಗಿಡುವ ಹಸಿರು ದ್ರವ, ಕೂಲಂಟ್, ಆ ಡಬ್ಬಿಯ ಮೇಲಿನ ಗೆರೆ ಕೆಳಗಿನ ಗೆರೆಗಳ ನಡುವೆ ಇರಬೇಕು. ಇರುತ್ತಿತ್ತು. ಗಾಡಿ ಓಡಿಸಿ ಬಂದು ನೋಡಿದರೂ ಅಷ್ಟೇ, ತಿಂಗಳುಗಟ್ಟಲೆ ಕೂದಲೆಳೆಯಷ್ಟೂ ಏರದೆ, ಇಳಿಯದೆ, ಇದ್ದಲ್ಲೇ ಇರುತ್ತಿತ್ತು. ತಮ್ಮ ಗಾಡಿ ಹನಿ ಕೂಲಂಟೂ ಕೇಳುವುದಿಲ್ಲವೆಂದು ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿ, ತುಂಬಿದ ಕೊಡ ತುಳುಕೋದಿಲ್ಲ ಎಂದು ಗಾದೆಯನ್ನೂ ಸೇರಿಸುತ್ತಿದ್ದರು. ಬಾನೆಟ್ ಮುಚ್ಚಿದ ಕೈಯಲ್ಲೇ ಮದುವೆಯಾದ ಮಗಳಿಗೆ ಫೋನು. ಚೆನ್ನಾಗಿದೀಯಾ? ಚೆನ್ನಾಗಿದೀನಿ ಅಪ್ಪ. ಆಯ್ತು. ಅಷ್ಟೇ. ಅಲ್ಲೂ ಮಟ್ಟ ಸರಿಯಿದೆ.

ಆ ಮಗಳು ಒಮ್ಮೆ ತವರಿಗೆ ಬಂದವಳು ಗಂಡನ ಮನೆಗೆ ಮರಳಲಾರೆನೆಂದು ನಿರ್ಧರಿಸಿಕೊಂಡೇ ಬಂದಿದ್ದಳು. ಹೇಳಬೇಕಾದುದು ಒಂದೇ ಮಾತು, ಹೇಳುವುದು ಯಾರಿಗೆ? ಅಮ್ಮನ ಹತ್ತಿರ ಬಾಯಿಬಿಟ್ಟರೆ ಅಮ್ಮ ಅಳುತ್ತಾಳೆ, ಅಪ್ಪನ ಹತ್ತಿರ ಬಿಡೋಣವೆಂದರೆ ಅಪ್ಪ ನಿಂತಲ್ಲಿ ನಿಲ್ಲುವುದಿಲ್ಲ. ಅವಳು ಅಂಗಳಕ್ಕೆ ಹೋದರೆ ಅವರು ಮಹಡಿಯಲ್ಲಿ, ಅವಳು ಮಹಡಿ ಹತ್ತಿದರೆ ಅವರು ಅಂಗಡಿಬೀದಿಯಲ್ಲಿ. ತಟ್ಟೆಯ ಮುಂದೆ ಕೂತಾಗ "ಅಪ್ಪಾ, ಒಂದು ವಿಷಯ" ಎಂದು ಬಾಯಿ ತೆಗೆದರೆ ಅವರು ಕೈ ತೊಳೆಯಲು ಎದ್ದಾಗಿತ್ತು. ಹೀಗೆ ದಿನಗಳು ಸರಿದು, ಕೊನೆಗೊಂದು ಬೆಳಗ್ಗೆ ಅವಳನ್ನು ಗಂಡನ ಮನೆಗೆ ಬಿಟ್ಟುಬರಲು ಅವರೇ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ, ಬಾಗಿಲಲ್ಲಿ ನಿಂತು ಆಯ್ತಾ ಎಂದರು. ಇಲ್ಲ ಎನ್ನಬೇಕೆಂದೇ ಅವಳು ಬಾಯಿ ತೆರೆದಳು. ಆದರೂ ಅಭ್ಯಾಸಬಲ ನೋಡಿ, ಬಾಯಿಂದ ಬಂದದ್ದು ಆಯ್ತು ಅಂತಲೇ.

ದಾರಿಯುದ್ದಕ್ಕೂ ಅವರ ಬೆರಳು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿತ್ತು. ಮುಂದಿನ ಲಾರಿಯನ್ನು ಬೈದರು, ಹಿಂದಿನದನ್ನು ಬೈದರು. ಹೇಳಬೇಕಾದ ಮಾತನ್ನು ಮಗಳು ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತ ಕೂತಿದ್ದಳು.  ಅರ್ಧದಾರಿಯ ಏರಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹತ್ತಿತು, ಸುಟ್ಟ ಬೆಲ್ಲದಂಥ ಸಿಹಿ ವಾಸನೆ ಒಳಗೆ ನುಗ್ಗಿತು, ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ರಸ್ತೆಬದಿಗೆ ಎಳೆದು ನಿಲ್ಲಿಸಿದರು. ಬಟ್ಟೆ ಹಿಡಿದು ಬಾನೆಟ್ ಎತ್ತಿ ಡಬ್ಬಿ ನೋಡಿದರೆ, ಹಸಿರು ದ್ರವ ಎರಡು ಗೆರೆಗಳ ನಡುವೆ ಎಂದಿನಂತೆ ತಣ್ಣಗೆ ಕೂತಿತ್ತು. ಅವರಿಗೆ ತಲೆಬುಡ ತಿಳಿಯಲಿಲ್ಲ. ರೇಡಿಯೇಟರ್ ಮುಚ್ಚಳದ ಕಡೆಗೆ ಹೋದ ಕೈ ತಾನಾಗಿಯೇ ಹಿಂದೆ ಬಂತು. ಕಾಯಬೇಕು.

ಕೂರಲಾರದವರು ಕಾಯುವ ಬಗೆ ನೋಡುವಂಥದ್ದು. ಕಾರಿನ ಸುತ್ತ ಹಾಕಿದರು, ಮೋರಿಕಟ್ಟೆಯವರೆಗೆ ಹೋಗಿ ಬಂದರು, ಬಾನೆಟ್ ಮುಟ್ಟಿ ಕೈ ಕೊಡವಿದರು. ಮಗಳು ಮೋರಿಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಅಪ್ಪ ಓಡಿಹೋಗಲಾಗದ ಜಾಗ ಹುಟ್ಟಿದಾರಭ್ಯ ಇದೊಂದೇ ಸಿಕ್ಕಿದ್ದು. ಎಂಜಿನ್ ಆರಿದರೆ ಈ ಹೊತ್ತೂ ಹೋಯಿತು. ಅವಳಿಗೆ ಅಳುವೂ ಬಂತು, ಧೈರ್ಯವೂ ಬಂತು.

"ಅಪ್ಪಾ, ನಾನು ಅಲ್ಲಿಗೆ ಹೋಗಲ್ಲ."

"ಅಳಿಯ ಹೊಡೀತಾನಾ?" ಎಂದರು ಯಜಮಾನರು, ಎಂಜಿನ್ನಿನಿಂದ ಕಣ್ಣು ತೆಗೆಯದೆ.

"ಹೊಡೆಯಲ್ಲ, ಬಯ್ಯಲ್ಲ. ಮಾತೇ ಆಡಲ್ಲ. ನಾನು ನಕ್ಕರೂ ಅತ್ತರೂ ಆ ಮನೇಲಿ ಒಂದೇ. ಯಾರಿಗೂ ಏನೂ ಹೆಚ್ಚೂ ಆಗಲ್ಲ, ಕಮ್ಮಿನೂ ಆಗಲ್ಲ. ನೀವು ದಿನಾ ಚೆನ್ನಾಗಿದೀಯಾ ಅಂತಿದ್ರಿ. ಚೆನ್ನಾಗಿಲ್ಲ ಅನ್ನೋಷ್ಟು ಹೊತ್ತು ನೀವು ಯಾವತ್ತು ಫೋನ್ ಹಿಡ್ಕೊಂಡಿದ್ರಿ?"

ಸಮಾಧಾನವಾಗಿ ಹೇಳಬೇಕೆಂದುಕೊಂಡಿದ್ದಳು, ಕೋಪದಲ್ಲೇ ಬಂತು. ಮಾತಿನ ಬಾಗಿಲು ತೆರೆದ ಮೇಲೆ ಎಲ್ಲವೂ ಬಂತು: ಒಬ್ಬಳೇ ಉಣ್ಣುತ್ತಿದ್ದ ಊಟಗಳು, ಹೊರಟು ನಿಂತವಳನ್ನು ಎಲ್ಲಿಗೆ ಎಂದೂ ಕೇಳದ ಗಂಡ, ಸ್ವಂತ ದನಿ ಕೇಳಲೆಂದೇ ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೆ ಲೆಕ್ಕ ಎಣಿಸುತ್ತಿದ್ದುದು. ಯಜಮಾನರ ತುಟಿ ಒಮ್ಮೆ ಆ ಹಳೆಯ ಮಾತಿಗಾಗಿ ಸಿದ್ಧವಾದದ್ದನ್ನು ಅವಳು ಕಂಡಳು. ಅವರು ಅದನ್ನು ನುಂಗಿಕೊಂಡರು. ಅವಳು ಮುಗಿಸುವವರೆಗೂ ನಿಂತಲ್ಲಿಂದ ಕದಲಲಿಲ್ಲ, ಹಿಮ್ಮಡಿ ನೆಲಕ್ಕೆ ಊರಿತ್ತು.

ಎಂಜಿನ್ ಆರಿದ್ದು ಅವರಿಗೆ ಗೊತ್ತಾದದ್ದೇ ತಡವಾಗಿ. ಮುಚ್ಚಳಕ್ಕೆ ಬಟ್ಟೆ ಸುತ್ತಿ, ಅರ್ಧ ತಿರುವಿ ಉಸಿರು ಬಿಡಲು ಬಿಟ್ಟು, ಆಮೇಲೆ ಪೂರ್ತಿ ತೆಗೆದರು. ಬೆರಳು ಇಳಿಬಿಟ್ಟರು. ಟಾರ್ಚ್ ಹಾಕಿದರು. ಒಳಗೆ ಹನಿಯಿಲ್ಲ. ಮುಚ್ಚಳದ ರಬ್ಬರು ಸತ್ತು ಎಷ್ಟು ಕಾಲವಾಗಿತ್ತೋ. ರೇಡಿಯೇಟರ್ ಎಲ್ಲೋ ಜಿನುಗುತ್ತ ಬರಿದಾಗುತ್ತಿದ್ದರೂ ಡಬ್ಬಿಯ ದ್ರವವನ್ನು ಒಳಕ್ಕೆ ಎಳೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ. ಎಂಜಿನ್ ಬಿಸಿಯೇರಿದಾಗ ಡಬ್ಬಿಯ ಮಟ್ಟ ಒಂದಿಷ್ಟು ಏರಬೇಕು, ಆರಿದಾಗ ಇಳಿಯಬೇಕು. ಅವರು ಹೆಮ್ಮೆಪಟ್ಟ ನಿಶ್ಚಲತೆಯೇ ರೋಗವಾಗಿತ್ತು. ಯಜಮಾನರು ಮಗಳ ಪಕ್ಕದಲ್ಲಿ ಮೋರಿಕಟ್ಟೆಯ ಮೇಲೆ ಕೂತುಬಿಟ್ಟರು.

"ನಾನು ದಿನಾ ಡಬ್ಬಿನೇ ನೋಡ್ತಿದ್ದೆ ಕಣಮ್ಮ," ಎಂದರು. "ಒಳಗಡೆ ಯಾವತ್ತೂ ನೋಡ್ಲಿಲ್ಲ."

ಡಿಕ್ಕಿಯಲ್ಲಿ ಅವಳ ಪೆಟ್ಟಿಗೆಯ ಹಿಂದಿದ್ದ ಕೂಲಂಟ್ ಕ್ಯಾನನ್ನು ತಂದು ರೇಡಿಯೇಟರಿಗೆ ಸಣ್ಣಗೆ ಹೊಯ್ದರು. ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುವವರೆಗೆ ತಡೆದರು, ಮತ್ತೆ ಹೊಯ್ದರು, ಮತ್ತೆ ತಡೆದರು.  ಬಾಯಿಮಟ್ಟ ತುಂಬಿದ ಮೇಲೆ ಮುಚ್ಚಳ ಬಿಗಿದು, ಸೀಟಿನಲ್ಲಿ ಕೂತು, ಎಂಜಿನ್ ಚಾಲೂ ಮಾಡಿ, ಎಲ್ಲಿಗೆ ಹೋಗೋಣ ಎಂದು ಕೇಳಿ ಸುಮ್ಮನಾದರು. ಮಗಳು ಹೇಳುವಂತೆ, ಅಪ್ಪ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು ಅದೇ ಮೊದಲು. ಅವಳು ಬೇಕೆಂದೇ ತಡಮಾಡಿದಳು. ಹಿಂದಿನಿಂದ ಹಾರ್ನ್ ಹೊಡೆಯುತ್ತ ಲಾರಿಗಳು ಹೋದವು. ಅಪ್ಪನ ಕೈ ಸ್ಟೀರಿಂಗಿನ ಮೇಲೆ ಅಲ್ಲಾಡದೆ ಇತ್ತು. "ನಮ್ಮನೆಗೆ," ಎಂದಳು ಕೊನೆಗೆ. ಅವರು ಕಾರು ತಿರುಗಿಸಿ, ಮುಳ್ಳಿನ ಮೇಲೆ ಕಣ್ಣಿಟ್ಟು, ಎತ್ತಿನಗಾಡಿಯೂ ನಾಚುವಷ್ಟು ನಿಧಾನವಾಗಿ ಬಂದ ದಾರಿಯಲ್ಲೇ ವಾಪಸು ನಡೆಸಿದರು.

ಸ್ವಭಾವ ಸುಟ್ಟರೂ ಹೋಗುವುದಿಲ್ಲ. ಯಜಮಾನರು ಇಂದಿಗೂ ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಆಯ್ತಾ ಎನ್ನುತ್ತಾರೆ. ಬೆಳಗ್ಗೆ ಮಾತ್ರ ಡಬ್ಬಿ ನೋಡಿದ ಮೇಲೆ ರೇಡಿಯೇಟರ್ ಮುಚ್ಚಳವನ್ನೂ ತೆಗೆದು ಬೆರಳಿಡುತ್ತಾರೆ. ಇಂಥವರನ್ನು ನಾವೆಲ್ಲ ಕಂಡಿದ್ದೇವೆ. ಅನೇಕರ ಮನೆಯಲ್ಲಿ ಒಬ್ಬರಿರುತ್ತಾರೆ. ಇವರಿಗೆ ಪ್ರೀತಿ ಕಡಿಮೆಯೆಂದವರ ಬಾಯಿಗೆ ಮಣ್ಣು ಹಾಕಬೇಕು. ದಿನ ತಪ್ಪದೆ ಬಂದು ವಿಚಾರಿಸುವವರು ಇವರೇ, ಟಾರ್ಚ್ ಹಿಡಿದು ಬಗ್ಗಿ ನೋಡುವವರೂ ಇವರೇ. ಕೆಟ್ಟ ಉತ್ತರ ಬಂದೀತೆಂಬ ಅಂಜಿಕೆಗೇ ಇವರ ಕಾಲು ಅಷ್ಟು ಬೇಗ ಹೊರಡುವುದು. ಇವರ ಹತ್ತಿರ ಹೇಳಿಕೊಳ್ಳಬೇಕಾದದ್ದು ಇದ್ದವರು ಪಾಪ, ನಡುದಾರಿಯಲ್ಲಿ ಗಾಡಿ ಕೆಡಲಿ ಎಂದು ಹಾರೈಸಬೇಕಾಗುತ್ತದೆ.