ಮಗಳ ಕಿವಿಯಲ್ಲಿ ಅಪ್ಪನ ಡಾಕ್ಟರು

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕಾಯಿಲೆಯಿಂದ ಶುರು ಮಾಡಿದರೆ ನೀವು ಪುಟ ಮಗುಚಿ ಮುಂದೆ ಹೋಗುತ್ತೀರಿ. ಡಾಕ್ಟರಮ್ಮನಿಂದ ಶುರು ಮಾಡಿದರೆ ಕಥೆಯೊಳಗಿನ ಅಪ್ಪನಿಗೆ ಸಿಟ್ಟು. "ಕ್ಯಾನ್ಸರ್ ಬಂದಿರೋದು ನನಗೆ, ಕಥೆ ಅವರದಾ?" ಎಂದು ಮೊದಲ ಡ್ರಾಫ್ಟಿನಲ್ಲೇ ಜಗಳಕ್ಕೆ ನಿಂತರು. ಹರಿದು ಹಾಕಿದೆ.

೨
ಸರಿ, ಅಡುಗೆಮನೆ. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನು. ಪರದೆಯಲ್ಲಿ ಕ್ಯಾನ್ಸರ್ ಆಸ್ಪತ್ರೆಯ ಡಾಕ್ಟರಮ್ಮ. ಈಚೆ ವಯಸ್ಸಾದ ಅಪ್ಪ, ಪಕ್ಕದಲ್ಲಿ ಮಗಳು. ಇಯರ್‌ಫೋನ್ ಮಾತ್ರ ಮಗಳ ಕಿವಿಯಲ್ಲಿ.

"ಅಪ್ಪಂಗೆ ಕಿವಿ ಮಂದ ಡಾಕ್ಟ್ರೇ. ನನಗೆ ಹೇಳಿ, ಆಮೇಲೆ ನಾನು ನಿಧಾನಕ್ಕೆ ಹೇಳ್ತೀನಿ."

(ನಿಧಾನಕ್ಕೆ ಎಂದರೆ ಯಾವತ್ತೂ ಇಲ್ಲ ಎಂದು. ನಿಮ್ಮ ಮನೆಯಲ್ಲೂ ಹಾಗೇ ತಾನೆ?)

"ಔಷಧಿ ಹಿಡೀತಿಲ್ಲಮ್ಮ. ಇನ್ನೊಂದು ಸುತ್ತು ಕೀಮೋ ಕೊಡಬಹುದು, ತುಂಬಾ ಸುಸ್ತಾಗುತ್ತೆ. ಬಿಟ್ರೆ ಕೆಲವು ತಿಂಗಳು. ನೋವಾಗದ ಹಾಗೆ ನಾವು ನೋಡ್ಕೋತೀವಿ."

"ಕೊಡಿ ಡಾಕ್ಟ್ರೇ. ಅಪ್ಪ ಒಪ್ತಾರೆ."

೩
ಈಗ ನನ್ನ ಮೈ ಜುಮ್ಮೆನ್ನುವ ಜಾಗ. ಅಪ್ಪ ದುಡಿದದ್ದೆಲ್ಲ ಬಟ್ಟೆ ಗಿರಣಿಯಲ್ಲಿ. ಮಗ್ಗಗಳ ಆ ಸದ್ದಿನಲ್ಲಿ ಕೂಗಿದರೂ ಕೇಳದು. ಅಲ್ಲಿಯವರೆಲ್ಲ ತುಟಿ ನೋಡಿಯೇ ಹರಟುತ್ತಿದ್ದರು. ಕಿವಿ ಹೋದದ್ದೂ ಅಲ್ಲೇ. ಮಗಳು ಕಿವಿಯನ್ನು ನೆನಪಿಟ್ಟುಕೊಂಡು ಕಣ್ಣನ್ನು ಮರೆತಳು. ಡಾಕ್ಟರಮ್ಮನ ಮುಖವನ್ನು ಅಪ್ಪನ ಎದುರಿಗೇ ಇಟ್ಟಿದ್ದಳು!

ಅಪ್ಪ ಮಗಳತ್ತ ತಿರುಗಿ, ದನಿಯಿಲ್ಲದೆ, ಬರೀ ತುಟಿಯಲ್ಲಿ ಏನೋ ಅಂದರು. ಅಮ್ಮ ಮಲಗಿದ್ದಾಗ ಇಬ್ಬರೂ ಹೀಗೇ ಮಾತಾಡಿಕೊಳ್ಳುತ್ತಿದ್ದವರು. ಮಗಳು ಪರದೆಯ ಮೇಲಿನ ಮುಖವನ್ನೊಮ್ಮೆ, ಅಪ್ಪನ ಕಣ್ಣನ್ನೊಮ್ಮೆ ನೋಡಿದಳು.

"ಹಲೋ, ಧ್ವನಿ ಬರ್ತಿಲ್ಲ. ನೆಟ್‌ವರ್ಕ್ ಹೋಯ್ತಾ?" ಎಂದರು ಡಾಕ್ಟರಮ್ಮ.

"ಏನಂದ್ರಿ ಅವಳಿಗೆ?" ಎಂದು ನಾನು ಅಪ್ಪನನ್ನು ಕೇಳಿದೆ.

"ಅಪ್ಪ ಮಗಳ ಮಾತು. ನಿಮಗ್ಯಾಕೆ?"

(ಇವರನ್ನು ಹುಟ್ಟಿಸಿದವನು ನಾನು. ಸಿಗುವ ಮರ್ಯಾದೆ ನೋಡಿ.)

೪
ಅಂತ್ಯ ಒಂದು: ಮಗಳು ಬಿಕ್ಕುತ್ತಾ ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ. "ಸೀರಿಯಲ್ಲಾ ಇದು?" ಎಂದಳು ಮಗಳು. ಹೊಡೆದು ಹಾಕಿದೆ.

ಅಂತ್ಯ ಎರಡು: ಅಪ್ಪ ಕೀಮೋ ಬೇಡವೆಂದು ಎದ್ದು, ವೀರನ ಹಾಗೆ ಹೊರಗೆ ನಡೆಯುತ್ತಾರೆ. "ಬೇಡ ಅಂತ ನಾನೆಲ್ಲಿ ಹೇಳ್ದೆ? ನನ್ನನ್ನ ಕೇಳಿ ಅಂತಷ್ಟೇ ಹೇಳ್ತಿರೋದು," ಎಂದರು ಅಪ್ಪ.

೫
ಮಗಳು ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟಳು. "ಡಾಕ್ಟ್ರೇ, ಅಪ್ಪ ನಿಮ್ಮ ತುಟಿ ನೋಡೇ ಎಲ್ಲಾ ತಿಳ್ಕೊಂಡಿದ್ದಾರೆ. ನಾನು ಹೇಳಿದ್ದು ಬಿಟ್ಬಿಡಿ. ಅವರನ್ನೇ ಕೇಳಿ."

ಡಾಕ್ಟರಮ್ಮ ಕುರ್ಚಿ ಮುಂದಕ್ಕೆಳೆದುಕೊಂಡರು. "ಯಜಮಾನ್ರೇ, ಇನ್ಮುಂದೆ ನಿಮಗೆ ಏನು ಮುಖ್ಯ, ಅದನ್ನ ಹೇಳಿ. ಅದಕ್ಕೆ ತಕ್ಕ ಹಾಗೆ ಮಾಡೋಣ."

ಅಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡು ನೆಟ್ಟಗೆ ಕುಳಿತರು. ಕಣ್ಣು ಮಿನುಗುತ್ತಿತ್ತು. "ಟೈಮಿದ್ಯಾ? ಸ್ವಲ್ಪ ಉದ್ದ ಇದೆ."

"ಇದೆ."

ಕೀಮೋ ತೆಗೆದುಕೊಂಡರೋ ಬಿಟ್ಟರೋ ಎಂದು ತಾನೆ ನಿಮ್ಮ ಪ್ರಶ್ನೆ? ಅವರ ಬದಲು ನಾನು ಹೇಳಿಬಿಡಲೇ? ಮಗಳು ಈಗ ತಾನೇ ಕೈಬಿಟ್ಟ ಕೆಲಸ ಅದು. ಕೂತಿರಿ, ಅವರಿನ್ನೂ "ಮೊದಲನೇದಾಗಿ" ಎಂಬಲ್ಲೇ ಇದ್ದಾರೆ.