ಹಾಜಿಯ ಕೂಗಿಗೆ ಒಂದು ಲೋಟ ನೀರು

“ಮಸೀದಿ ಕೂಗ್ತಿದ್ದ ಹಾಗೇ ನಂಬೂಜೆ ಕೆಲಸ ಬಿಟ್ಟು ಒಳಗೆ ಓಡೋಳು. ನಾನು ಬೇಲಿ ಸಂದಿಯಿಂದ ಕಣ್ಣಾರೆ ಕಂಡಿದೀನಿ” ಎಂದಳು, ಹೆಣದ ಬಳಿ ಚಾಪೆಯಲ್ಲಿ ಕೂತಿದ್ದ ಪಕ್ಕದ ಮನೆಯ ಕೆವಿನಾ.

“ಬೇಲಿ ಸಂದಿ ನಿಂಗೆ ಚೆನ್ನಾಗಿ ಗೊತ್ತು ಬಿಡು” ಎಂದು ಯಾರೋ ಚುಚ್ಚಿದರು. ಆದರೆ ನಗು ಮುಂದಕ್ಕೆ ಹೋಗಲಿಲ್ಲ. ಪೆರೆಪೆತುವಾಳ ಕೈ ನಿಂತುಬಿಟ್ಟಿತ್ತು. ಸತ್ತ ನಂಬೂಜೆಗೆ ಅವಳು ನಾದಿನಿ. ಊರಿಗೆಲ್ಲ ಸೆಂಗಾ, ಅಂದರೆ ಸೋದರತ್ತೆ. ಅತ್ತಿಗೆಯ ಮೈ ತೊಳೆದು, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆ ಹೊದಿಸಿ, ಕೈಗೆ ಶಿಲುಬೆಯ ಜಪಮಾಲೆ ಸುತ್ತುತ್ತಿದ್ದವಳು ಈಗ ಅದನ್ನು ಮೆಲ್ಲಗೆ ಬಿಚ್ಚಿಕೊಂಡಳು.

“ಸೆಂಗಾ, ಅದ್ಯಾಕೆ ತೆಗೀತೀಯ?” ಎಂದಳು ನಂಬೂಜೆಯ ಮಗಳು ಸ್ಪೆಸಿಯೋಜಾ.

“ಮೊದಲು ಗೊತ್ತಾಗ್ಲಿ, ಇದು ಇವಳದ್ದು ಹೌದೋ ಅಲ್ಲವೋ ಅಂತ.”

ಬಾಳೆತೋಟದ ಅಂಚಿನಲ್ಲಿ, ಗಂಡನ ಗೋರಿಯ ಪಕ್ಕದಲ್ಲೇ ಗುಂಡಿ ತೋಡಿ ಆಗಿತ್ತು. ಮಾತು ಹೆಂಗಸರ ಚಾಪೆಯಿಂದ ಗಂಡಸರ ಬೆಂಚಿಗೆ ಹೋಗಲು ಎಷ್ಟು ಹೊತ್ತು ಬೇಕು? ಇಗರ್ಜಿಯ ಉಪದೇಶಿ ಮುಗಾಗ್ಗ ಕೈಗಂಟೆ ಹಿಡಿದುಕೊಂಡೇ ಬಾಗಿಲಿಗೆ ಬಂದ. “ನೋಡು ಮಗಳೇ, ಅವಳು ಮಸೀದಿ ಕಡೆ ಸೇರಿದ್ದರೆ ನಾನು ಗಂಟೆ ಹೊಡೆಯೋ ಹಾಗಿಲ್ಲ. ಈ ಗುಂಡಿಗೂ ಇಳಿಸೋ ಹಾಗಿಲ್ಲ. ನಿಜ ಹೇಳು.”

ಸ್ಪೆಸಿಯೋಜಾ ತಾಯಿಯ ಮುಖ ನೋಡಿದಳು. ಯಾರಿಗೂ ಹೇಳುವುದಿಲ್ಲ ಎಂದು ಆ ಮುಖಕ್ಕೇ ಅವಳು ಮಾತು ಕೊಟ್ಟಿದ್ದಳು.

*

ಹೋದ ಮಳೆಗಾಲದಲ್ಲಿ ಒಲೆಯ ಮುಂದೆ ಕೂತು ಮಾರಲೆಂದು ಬಾಳೆಹಣ್ಣಿನ ಸಿಹಿ ವಡೆ ಕಬಲಗಲ ಕರಿಯುತ್ತಿದ್ದ ನಂಬೂಜೆ ಎಡ ಪಕ್ಕೆ ಹಿಡಿದು ಬಾಗಿದ್ದಳು. ಎಣ್ಣೆ ಸಿಡಿದಿರಲಿಲ್ಲ, ಚರ್ಮ ತಾನಾಗಿಯೇ ಉರಿಯುತ್ತಿತ್ತು. ಮರುದಿನಕ್ಕೆ ನೀರುಗುಳ್ಳೆಗಳ ಸಾಲು ಬೆನ್ನಿನಿಂದ ಮುಂದಕ್ಕೆ ಹೊರಟಿತ್ತು.

“ಕಿಸಿಪಿ” ಎಂದಳು, ಧ್ವನಿ ತಗ್ಗಿಸಿ. ಸೊಂಟಪಟ್ಟಿ. ಸರ್ಪಸುತ್ತಿಗೆ ಆ ಊರು ಇಟ್ಟ ಹೆಸರು. “ಎರಡು ತುದಿ ಕೂಡಿದರೆ ನಾನು ಹೋದೆ.”

“ಕೂಡೋದಿಲ್ಲಜ್ಜಿ, ಅರ್ಧಕ್ಕೇ ನಿಲ್ಲುತ್ತೆ” ಎಂದಳು ದವಾಖಾನೆಯ ನರ್ಸ್. “ಚಿಕ್ಕೋಳಿದ್ದಾಗ ಮೈಮೇಲೆ ನೀರುಗುಳ್ಳೆ ಎದ್ದಿತ್ತಲ್ಲ, ಅದೇ ವೈರಸ್ಸು. ಇಷ್ಟು ವರ್ಷ ನರದಲ್ಲಿ ಮಲಗಿತ್ತು, ಈಗ ಎದ್ದಿದೆ. ಬೇಗ ಬಂದಿದ್ದು ಒಳ್ಳೇದಾಯ್ತು, ತಡ ಮಾಡಿದ್ರೆ ಈ ಮಾತ್ರೆ ಅಷ್ಟು ಕೆಲಸ ಮಾಡಲ್ಲ. ದಿನಕ್ಕೆ ಐದು ಸಲ. ಪ್ರತಿ ಸಲ ಲೋಟದ ತುಂಬ ನೀರು.” ರಕ್ತವನ್ನೂ ನೋಡಿದಳು. ಎಲ್ಲರೂ ಹೆದರುವ ಆ ರೋಗ, ಏಡ್ಸ್, ಇರಲಿಲ್ಲ.

“ಇಲ್ಲ ಅಂದ್ರೆ ಊರು ನಂಬುತ್ತಾ?” ದಾರಿಯುದ್ದಕ್ಕೂ ನಂಬೂಜೆಯದು ಇದೇ ಮಾತು. “ಕಿಸಿಪಿ ಬಂದೋರಿಗೆಲ್ಲ ಆ ರೋಗ ಇದೆ ಅಂತಾರೆ. ನನ್ನ ಕಬಲಗಲ ನಾಯಿನೂ ಮೂಸಲ್ಲ. ನಾನು ಸತ್ತ ಮೇಲೂ ಬಾಯಿ ಬಿಡ್ಬೇಡ.”

“ಬಿಡಲ್ಲಮ್ಮ. ಆದ್ರೆ ಐದು ಸಲ ಅಂದ್ರೆ ಯಾವಾಗ್ಯಾವಾಗ? ಮನೇಲಿ ಗಡಿಯಾರ ಎಲ್ಲಿದೆ?”

ನಂಬೂಜೆ ನಡುದಾರಿಯಲ್ಲಿ ನಿಂತಳು. “ಮಸೀದಿ ಹಾಜಿ ಕೂಗೋದೂ ಐದೇ ಸಲ ಅಲ್ವೇನೇ?”

ಹಾಗೆ ಶುರುವಾಯಿತು. ನಸುಕಿನ ಕೂಗಿನಿಂದ ಮಧ್ಯಾಹ್ನದ ಕೂಗಿಗೆ ಅರ್ಧ ದಿನ. ಸಂಜೆಯವು ಮಾತ್ರ ಒಂದರ ಬೆನ್ನಿಗೊಂದು. ಹೊತ್ತನ್ನು ಸಮನಾಗಿ ಹಂಚಬೇಕೆಂದು ತಾಯಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ. “ಒಂದು ಲೋಟ ಇಳಿಯೋದರೊಳಗೆ ಇನ್ನೊಂದು ಕೂಗ್ತಾನಲ್ಲೇ ಈ ಮನುಷ್ಯ!” ಎಂದು ಬಯ್ಯುತ್ತಲೇ ಕುಡಿಯುತ್ತಿದ್ದಳು. ಗುಳ್ಳೆ ಒಣಗಿ ಉದುರಿದವು, ಕಲೆಯಷ್ಟೇ ಉಳಿಯಿತು. ಅವಳನ್ನು ಕೊಂಡೊಯ್ದದ್ದು ಎದೆನೋವು, ತಿಂಗಳುಗಳ ಮೇಲೆ, ಅದೇ ಒಲೆಯ ಮುಂದೆ.

*

“ಹಾಜಿ ಬಂದ್ರು!” ಎಂದರು ಹೊರಗೆ.

ಹಾಜಿ ಕತೆರೆಗ್ಗ ಟೋಪಿ ಸರಿಮಾಡಿಕೊಂಡು ಕೂರುವ ಮೊದಲೇ ಉಪದೇಶಿ ಕೇಳಿಬಿಟ್ಟ. “ಇವಳು ನಿಮ್ಮ ಕಡೆ ಸೇರಿದ್ದಳಾ?”

“ನಂಬೂಜೆಯಾ? ನಮ್ಮ ಮಸೀದಿ ಮೆಟ್ಟಿಲಿಗೆ ಒಂದೇ ಸಲ ಬಂದಿದ್ದು, ಅದೂ ಜಗಳಕ್ಕೆ. ‘ಹಾಜಿ, ಸಂಜೆ ಕೂಗನ್ನ ಸ್ವಲ್ಪ ತಡ ಮಾಡಪ್ಪಾ, ನನ್ನ ಹೊಟ್ಟೆ ತುಂಬ ನೀರಾಗಿದೆ’ ಅಂದಳು. ನನಗೆ ತಲೆಬುಡ ತಿಳೀಲಿಲ್ಲ.”

“ನೋಡಿದ್ರಾ!” ಕೆವಿನಾ ಎದ್ದೇ ನಿಂತಳು. “ಕೂಗಿಗೂ ಇವಳಿಗೂ ಏನೋ ಇತ್ತು!”

ಸೆಂಗಾ ಜಪಮಾಲೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಉಪದೇಶಿ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ಹೊರಡಲು ತಿರುಗಿದ. ಅಂಗಳದಲ್ಲಿ ಇಬ್ಬರು ಆಗಲೇ ಗುಂಡಿ ಮುಚ್ಚಲು ಗುದ್ದಲಿ ಎತ್ತಿಕೊಂಡಿದ್ದರು.

“ನಿಲ್ಲಿ” ಎಂದಳು ಸ್ಪೆಸಿಯೋಜಾ. “ಅಮ್ಮನಿಗೆ ಕಿಸಿಪಿ ಆಗಿತ್ತು.”

ಮಾತ್ರೆ, ನೀರು, ಗಡಿಯಾರವಿಲ್ಲದ ಮನೆ, ಎಲ್ಲವನ್ನೂ ಅವಳು ನೆಲ ನೋಡುತ್ತಲೇ ಹೇಳಿದಳು. “ರಕ್ತದಲ್ಲಿ ಬೇರೇನೂ ಇರ್ಲಿಲ್ಲ. ನರ್ಸೇ ನೋಡಿದ್ದು.”

ಹಾಜಿ ಹಣೆ ಮುಟ್ಟಿಕೊಂಡ. “ಅಯ್ಯೋ, ಒಂದು ಮಾತು ಹೇಳಿದ್ರೆ ನನ್ನ ಗಡಿಯಾರಾನೇ ಕೊಟ್ಟಿರ್ತಿದ್ದೆ.”

ಸೆಂಗಾ ತೊಗಟೆಬಟ್ಟೆ ಸರಿಸಿ ಅತ್ತಿಗೆಯ ಪಕ್ಕೆಯನ್ನು ಇನ್ನೊಮ್ಮೆ ನೋಡಿದಳು. “ತೊಳೆಯುವಾಗ ಎಣ್ಣೆ ಸಿಡಿದ ಗುರುತು ಅಂದ್ಕೊಂಡೆ” ಎಂದು ಸೆರಗಿನ ಗಂಟು ಬಿಚ್ಚಿ ಜಪಮಾಲೆಯನ್ನು ಆ ಕೈಗೆ ಬಿಗಿಯಾಗಿ ಸುತ್ತಿದಳು.

ಗಂಟೆ ಹೊಡೆಯಿತು. ನಂಬೂಜೆ ಗಂಡನ ಪಕ್ಕದಲ್ಲಿ ಮಲಗಿದಳು. ಆದರೆ ಮಣ್ಣು ಮುಚ್ಚಿ ಬಂದವರು ಊಟದ ಬಾಳೆಲೆಯ ಹತ್ತಿರ ಸುಳಿಯಲಿಲ್ಲ. ಒಬ್ಬೊಬ್ಬರೂ ಕೈಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟು ದೂರದ ನೆಂಟರ, ಮೇಕೆಯ, ಮಳೆಯ ನೆವ ಹೇಳಿ ಹೊರಟರು. ಕೆವಿನಾ ಮೊದಲು.

“ರಕ್ತದ ಮಾತು ನಿಜಾನಾ?” ಸೆಂಗಾ ಜಗುಲಿಯಲ್ಲಿ ಕೂತು ಕೇಳಿದಳು. “ನನ್ನ ಕಣ್ಣು ನೋಡಿ ಹೇಳು.”

“ನಿಜ ಸೆಂಗಾ.”

“ಹ್ಞೂಂ.” ನಂಬಿದಳೋ ಇಲ್ಲವೋ, ಆ ಹ್ಞೂಂನಲ್ಲಿ ತಿಳಿಯುವಂತಿರಲಿಲ್ಲ.

ಸಂಜೆಯ ಕೂಗು ಎದ್ದಿತು. ಸ್ಪೆಸಿಯೋಜಾಳ ಕೈ ತಾನಾಗಿಯೇ ಹೂಜಿಗೆ ಹೋಗಿ, ತಾಯಿಯ ಲೋಟವನ್ನು ಅಂಚಿನವರೆಗೆ ತುಂಬಿಸಿತು. ತುಂಬಿದ ಮೇಲೆ ಯಾರಿಗೆ ಕೊಡಬೇಕೆಂದು ತಿಳಿಯದೆ ಅವಳು ಅಂಗಳದ ನಡುವೆ ನಿಂತಳು.

ಸೆಂಗಾ ಎದ್ದು ಬಂದು ಲೋಟ ತೆಗೆದುಕೊಂಡಳು. ಮೂಸಿದಳು. ಬೆಳಕಿಗೆ ಹಿಡಿದು ತಳ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಕೂಗು ಮುಗಿಯುವುದರೊಳಗೆ, ಪೂರ್ತಿ ಕುಡಿದಳು.